ಹೊಲಿಗೆ ಹಾಕದ ಗಾಯ

ಕುರ್ಚಿ ತೋರಿಸಿದರೂ ಕೂರದೆ ಗೋಡೆಗೆ ಕೈಕೊಟ್ಟು ನಿಂತವರನ್ನು ಕಂಡರೆ ಅರ್ಧ ಕಾಯಿಲೆ ನನಗೆ ಅಲ್ಲೇ ಗೊತ್ತಾಗುತ್ತದೆ. ಒಂದೂವರೆ ತಿಂಗಳ ಹಿಂದೆ ಬಂದ ಆಟೋ ಡ್ರೈವರ್ ಹಾಗೇ ನಿಂತಿದ್ದರು. ‘ಪೈಲ್ಸ್ ಜಾಸ್ತಿ ಆಗಿದೆ ಸರ್. ಐದು ದಿನದಿಂದ ಮೆಡಿಕಲ್ ಶಾಪಿನ ಮಾತ್ರೆ ನುಂಗ್ತಿದೀನಿ, ಮುಲಾಮು ಹಚ್ತಿದೀನಿ. ರಾತ್ರಿ ನಿದ್ದೆನೇ ಇಲ್ಲ’ ಎಂದರು. ಮೈ ಸುಡುತ್ತಿತ್ತು. ಪರೀಕ್ಷೆ ಮಾಡಿದರೆ ಗುದದ್ವಾರದ ಪಕ್ಕದಲ್ಲೇ ನಿಂಬೆಹಣ್ಣಿನಷ್ಟು ಕೆಂಪು ಊತ. ಬೆರಳು ಹತ್ತಿರ ಹೋದರೇ ಸಾಕು, ಅವರು ಹಲ್ಲು ಕಚ್ಚುತ್ತಿದ್ದರು.

ಅದು ಪೈಲ್ಸ್ ಅಲ್ಲ, ಕೀವು ತುಂಬಿದ ಕುರು. ಡಾಕ್ಟರುಗಳು ಪೆರಿಯಾನಲ್ ಆಬ್ಸೆಸ್ ಎನ್ನುತ್ತೇವೆ. ಪೈಲ್ಸ್‌ನಲ್ಲಿ ಸಾಮಾನ್ಯವಾಗಿ ರಕ್ತ ಹೋಗುತ್ತದೆ, ನೋವು ಕಡಿಮೆ. ಫಿಶರ್‌ನಲ್ಲಿ, ಅಂದರೆ ಗುದದ್ವಾರದ ಅಂಚು ಸೀಳಿದ್ದರೆ, ಸಂಡಾಸಿಗೆ ಹೋದಾಗ ಕೊಯ್ದಂತೆ ಉರಿಯುತ್ತದೆ. ಕುರುವಿನ ನೋವಿಗೆ ಬಿಡುವೇ ಇಲ್ಲ. ಎದೆಬಡಿತದ ಜೊತೆ ತಾಳ ಹಾಕಿದಂತೆ ಹಗಲೂ ರಾತ್ರಿ ಮಿಡಿಯುತ್ತಿರುತ್ತದೆ. ಕೂತರೆ, ಕೆಮ್ಮಿದರೆ ಇನ್ನಷ್ಟು.

ಗುದದ ಒಳಗೋಡೆಯ ಸುತ್ತ, ಅಂಚಿನಿಂದ ಸುಮಾರು 2 ಸೆಂಟಿಮೀಟರ್ ಮೇಲೆ, ಸಣ್ಣ ಸಣ್ಣ ಗ್ರಂಥಿಗಳಿವೆ. ಯಾವುದೋ ಒಂದರ ಬಾಯಿ ಕಟ್ಟಿಕೊಂಡು ಒಳಗೆ ಸೋಂಕಾದರೆ ಕೀವು ದಾರಿ ಹುಡುಕುತ್ತಾ ಚರ್ಮದ ಕಡೆಗೆ ಇಳಿಯುತ್ತದೆ. ಹೆಚ್ಚಿನವರಲ್ಲಿ ಆಗುವುದು ಇಷ್ಟೇ. ಕೊಳಕಾಗಿರುವವರಿಗೆ ಬರುವ ಕಾಯಿಲೆ ಎಂದುಕೊಂಡು ನಾಚಿಕೆಯಿಂದ ಮುಚ್ಚಿಡುವವರೇ ಜಾಸ್ತಿ. ಸುಮ್ನೆ ನಾಚಿಕೆ.

‘ಆಂಟಿಬಯೋಟಿಕ್‌ನಲ್ಲೇ ಇಳಿಸೋಕೆ ಆಗಲ್ವಾ?’ ಎಂದು ಅವರೂ ಕೇಳಿದರು. ಆಗುವುದಿಲ್ಲ. ಮಾತ್ರೆಯ ಔಷಧ ಹೋಗುವುದು ರಕ್ತದ ಮೂಲಕ, ಕೀವಿನ ಗೂಡಿನೊಳಗೆ ರಕ್ತ ಹರಿಯುವುದಿಲ್ಲ. ‘ಕುರು ಹಣ್ಣಾಗಲಿ, ಆಮೇಲೆ ನೋಡೋಣ’ ಎಂದು ಕಾಯುವುದೂ ತಪ್ಪು. ಆಳದಲ್ಲಿರುವ ಕುರು ಮೇಲೆ ಮೆತ್ತಗಾಗುವ ಹೊತ್ತಿಗೆ ಒಳಗೆ ಸಾಕಷ್ಟು ಹರಡಿರುತ್ತದೆ. ಸಕ್ಕರೆ ಕಾಯಿಲೆ ಇದ್ದವರಂತೂ ಒಂದು ದಿನವೂ ತಡಮಾಡಬಾರದು. ಚರ್ಮ ಕಪ್ಪಾಗುತ್ತಿದ್ದರೆ, ಊತ ವೃಷಣದ ಕಡೆ ಹಬ್ಬುತ್ತಿದ್ದರೆ, ಮೂತ್ರ ಕಟ್ಟಿದರೆ ಅರ್ಧರಾತ್ರಿಯಾದರೂ ಆಸ್ಪತ್ರೆಗೆ ಹೋಗಿ.

ಅವತ್ತೇ ಸಂಜೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಕುರು ಒಡೆದೆವು. ಕೊಯ್ದದ್ದು ಗುದದ್ವಾರಕ್ಕೆ ಆದಷ್ಟು ಹತ್ತಿರದಲ್ಲಿ. ಮುಂದೆ ಫಿಸ್ಟುಲಾ, ಅಂದರೆ ಒಳಗಿನಿಂದ ಚರ್ಮದವರೆಗೆ ಸುರಂಗ, ಆದರೂ ಅದರ ದಾರಿ ಗಿಡ್ಡದಾಗಿರಲಿ ಎಂದು. ಕೀವು ಚಿಮ್ಮಿತು, ಆಪರೇಶನ್ ಥಿಯೇಟರ್ ತುಂಬಾ ಆ ವಾಸನೆ. ಬೆರಳು ಹಾಕಿ ಒಳಗಿನ ಗೂಡುಗಳನ್ನೆಲ್ಲ ಒಂದು ಮಾಡಿ, ತೊಳೆದು, ಅಂಚಿನ ಚರ್ಮ ಸ್ವಲ್ಪ ಕತ್ತರಿಸಿ ತೆಗೆದೆ. ಹದಿನೈದು ನಿಮಿಷದ ಕೆಲಸ. ಅವತ್ತು ರಾತ್ರಿ ಅವರು ಗೊರಕೆ ಹೊಡೆದರಂತೆ.

ಬೆಳಿಗ್ಗೆ ಡ್ರೆಸಿಂಗ್ ಬಿಚ್ಚಿದಾಗ ಅವರ ಹೆಂಡತಿ ಗಾಬರಿಯಾದರು. ‘ಇಷ್ಟು ದೊಡ್ಡ ತೂತು! ಹೊಲಿಗೆನೇ ಹಾಕಿಲ್ವಲ್ಲ ಸರ್?’

ಮರೆತದ್ದಲ್ಲ. ಮೇಲೆ ಹೊಲಿದರೆ ಒಳಗೆ ಮತ್ತೆ ಕೀವು ಕಟ್ಟುತ್ತದೆ. ಬಾವಿ ಮುಚ್ಚುವಾಗ ತಳದಿಂದ ಮಣ್ಣು ತುಂಬಿಕೊಂಡು ಬರಬೇಕಲ್ಲ, ಬಾಯಿಗೆ ಹಲಗೆ ಇಟ್ಟರೆ ಆಗುತ್ತಾ? ಈ ಗಾಯವೂ ಹಾಗೇ. ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಒಬ್ಬರಿಗೆ ನಾನು ಗಾಯ ಚಿಕ್ಕದಿರಲಿ ಎಂದು ತೀರಾ ಸಣ್ಣ ಗೀರು ಹಾಕಿದ್ದೆ. ಮೇಲೆ ಬೇಗ ಕೂಡಿಕೊಂಡಿತು, ವಾರದೊಳಗೆ ಅವರು ಮತ್ತೆ ಆಪರೇಶನ್ ಟೇಬಲ್ ಮೇಲಿದ್ದರು. ಅಲ್ಲಿಂದೀಚೆಗೆ ನನಗೆ ಆ ಆಸೆ ಇಲ್ಲ.

ಮೊದಲೆಲ್ಲ ಗಾಯದೊಳಗೆ ಗಾಜ್ ಬಟ್ಟೆ ತುರುಕಿ, ದಿನಾ ಕಿತ್ತು, ಹೊಸದು ತುರುಕುತ್ತಿದ್ದೆವು. ರೋಗಿಗಳು ಆಪರೇಶನ್‌ಗಿಂತ ಅದಕ್ಕೇ ಹೆದರುತ್ತಿದ್ದರು. ಬ್ರಿಟನ್ನಿನ ಸರ್ಜನ್‌ಗಳು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತುರುಕದೆ ಬಿಟ್ಟವರಿಗೆ ನೋವು ಕಡಿಮೆ ಇತ್ತು, ಕುರು ಮತ್ತೆ ಬರುವುದೇನೂ ಹೆಚ್ಚಲಿಲ್ಲ. ಈಗ ನಾನು ಮೇಲೆ ಒಂದು ಪ್ಯಾಡ್ ಅಷ್ಟೇ ಇಡುತ್ತೇನೆ.

ಮನೆಯಲ್ಲಿ ಮಾಡುವುದು ಸರಳ. ಅಗಲವಾದ ಪ್ಲಾಸ್ಟಿಕ್ ಟಬ್‌ನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ, ದಿನಕ್ಕೆ ಎರಡು ಮೂರು ಸಲ ಹತ್ತು ನಿಮಿಷ ಕೂರುವುದು. ಸಂಡಾಸಾದ ಮೇಲಂತೂ ತಪ್ಪಿಸಬೇಡಿ. ಡೆಟಾಲ್ ಬೇಡ, ಅರಿಶಿನ ಮೆತ್ತುವುದೂ ಬೇಡ. ಮಲ ಗಟ್ಟಿಯಾಗದಿರಲು ನೀರು, ಸೊಪ್ಪು, ರಾತ್ರಿ ಒಂದು ಚಮಚ ಇಸಬ್‌ಗೋಲ್. ಕೆಲವು ದಿನ ರಕ್ತ ಬೆರೆತ ನೀರು ಸೋರುತ್ತದೆ, ಬಟ್ಟೆ ಹಾಳಾಗದಂತೆ ಪ್ಯಾಡ್ ಇಟ್ಟುಕೊಳ್ಳಿ. ಗಂಡಸರು ಸ್ಯಾನಿಟರಿ ಪ್ಯಾಡ್ ಕೊಳ್ಳಲು ಪಡುವ ಮುಜುಗರ ನೋಡಿದರೆ ನನಗೆ ಈಗಲೂ ನಗು ಬರುತ್ತದೆ. ಒಂದೆರಡು ವಾರದಲ್ಲಿ ಕೆಲಸಕ್ಕೆ ಹೋಗಬಹುದು. ಗಾಯ ಪೂರ್ತಿ ತುಂಬಲು ಮೂರರಿಂದ ಎಂಟು ವಾರ ಬೇಕು. ಮತ್ತೆ ಜ್ವರ, ನೋವು ಬಂದರೆ ಕಾಯದೆ ಬನ್ನಿ.

ಇನ್ನೊಂದು ಮಾತನ್ನು ಆಪರೇಶನ್‌ಗೆ ಮೊದಲೇ ಹೇಳಿಬಿಡುತ್ತೇನೆ. ಸರಿಸುಮಾರು ಮೂವರಲ್ಲಿ ಒಬ್ಬರಿಗೆ ಒಳಗಿನ ಗ್ರಂಥಿಯಿಂದ ಹೊರಗಿನ ಚರ್ಮದವರೆಗೆ ಒಂದು ಸುರಂಗ ಉಳಿದುಬಿಡುತ್ತದೆ. ಅದೇ ಫಿಸ್ಟುಲಾ, ನಮ್ಮವರು ಭಗಂದರ ಎನ್ನುವುದು. ಕುರು, ಭಗಂದರ ಎರಡೂ ಒಂದೇ ಕಾಯಿಲೆಯ ಎರಡು ಹಂತ ಎಂದು ಸುಶ್ರುತನಿಗೂ ಗೊತ್ತಿತ್ತು. ಒಡೆಯುವ ಮುಂಚೆ ಅದನ್ನು ಪಿಡಕಾ, ಒಡೆದ ಮೇಲೆ ಭಗಂದರ ಎಂದು ಕರೆದಿದ್ದಾನೆ. ಮೊದಲೇ ಹೇಳದಿದ್ದರೆ ಆಮೇಲೆ ‘ಡಾಕ್ಟರು ಕೆಡಿಸಿದರು’ ಎನ್ನುತ್ತಾರೆ. ಹಾಗಂತ ಕೀವು ತುಂಬಿರುವಾಗಲೇ ಕಡ್ಡಿ ಹಾಕಿ ಸುರಂಗ ಹುಡುಕಲು ನಾನು ಹೋಗುವುದಿಲ್ಲ. ಊದಿಕೊಂಡ ಮೆತ್ತನೆ ಮಾಂಸದಲ್ಲಿ ಇಲ್ಲದ ದಾರಿಯನ್ನು ನಾವೇ ಮಾಡಿಬಿಡಬಹುದು. ಮಲ ಹಿಡಿದಿಡುವ ಸ್ನಾಯು ಅಲ್ಲೇ ಇದೆ, ಅದಕ್ಕೆ ಪೆಟ್ಟಾದರೆ ಸರಿಮಾಡುವುದು ಕಷ್ಟ.

ನಮ್ಮ ಡ್ರೈವರ್ ಹೋದ ಸೋಮವಾರ ಬಂದಿದ್ದರು. ಆಟೋ ಓಡಿಸಿಕೊಂಡೇ ಬಂದು, ಹೇಳುವ ಮೊದಲೇ ಕುರ್ಚಿಯಲ್ಲಿ ಕೂತರು. ಗಾಯ ಬಟಾಣಿ ಕಾಳಿನಷ್ಟು ಉಳಿದಿದೆ. ದಿನಕ್ಕೆ ಒಂದೆರಡು ಹನಿ ಇನ್ನೂ ಸೋರುತ್ತಿದೆಯಂತೆ. ಎರಡು ವಾರ ನೋಡೋಣ, ನಿಲ್ಲದಿದ್ದರೆ ಸುರಂಗ ಉಳಿದಿದೆಯಾ ನೋಡಲು ಎಂಆರ್‌ಐ ಮಾಡಿಸೋಣ ಎಂದಿದ್ದೇನೆ.