ಕರಂಡೆ ಗಿಡಕ್ಕೆ ಕಾಫಿಯ ಆರೈಕೆ ಬೇಡ

ಸೋಮವಾರಪೇಟೆ ಕಡೆಯ ಒಂದು ಮನೆಯಿಂದ ಹೋದ ವರ್ಷ ಫೋನ್ ಬಂತು. "ಅಣ್ಣಾ, ನಿಮ್ಮ ನರ್ಸರಿಯಿಂದ ತಂದ ಕರಂಡೆ ಗಿಡ ಐದು ವರ್ಷ ಆಯ್ತು, ಒಂದು ಹೂವೂ ಬಿಟ್ಟಿಲ್ಲ, ಕಿತ್ತು ಹಾಕ್ಲಾ?" ಅಂತ ಆ ಮನೆಯ ಅಕ್ಕ ಕೇಳಿದರು. ಕೀಳಬೇಡಿ, ಬರ್ತೀನಿ ಅಂದೆ. ಹೋಗಿ ನೋಡಿದರೆ ಗಿಡ ಎದೆಯೆತ್ತರ ಬೆಳೆದಿದೆ, ಎಲೆ ಕಡುಹಸಿರಾಗಿ ಹೊಳೆಯುತ್ತಿದೆ. ಆದರೆ ನೆಟ್ಟಿದ್ದು ಹಲಸಿನ ಮರದ ನೆರಳಲ್ಲಿ. ಕಾಫಿಗೆ ಹಾಕಿ ಉಳಿದ ಯೂರಿಯಾ ವರ್ಷವರ್ಷವೂ ಅದರ ಬುಡಕ್ಕೂ ಬಿದ್ದಿತ್ತು.

ಕೊಡಗಿನಲ್ಲಿ ನಾನು ಮತ್ತೆ ಮತ್ತೆ ನೋಡುವ ತಪ್ಪು ಇದು. ನಮಗೆ ಗೊತ್ತಿರುವುದು ಕಾಫಿ, ಏಲಕ್ಕಿ, ಮೆಣಸು. ಎಲ್ಲವೂ ಮರದಡಿಯ ಬೆಳೆಗಳು, ಹಾಗಾಗಿ ಹೊಸ ಸಸಿ ಕೈಗೆ ಬಂದರೆ ಕಾಲು ತಾನಾಗೇ ನೆರಳಿನ ಕಡೆ ಹೋಗುತ್ತದೆ. ಕರಂಡೆ ಹಾಗಲ್ಲ. ಕವಳೆ ಅಂತಲೂ ಕರೆಯುವ ಇದು ಹಣ್ಣು ಬಿಡುವ ಮುಳ್ಳಿನ ಪೊದೆ, ಬಿಸಿಲಿನ ಗಿಡ, ಕಲ್ಲು ನೆಲದಲ್ಲೂ ಬದುಕುತ್ತದೆ, ಬೇರಿಳಿದ ಮೇಲೆ ನೀರು ಹಾಕದಿದ್ದರೂ ಬೇಸಿಗೆ ಕಳೆಯುತ್ತದೆ. ತಡೆಯಲಾರದ್ದು ಒಂದೇ, ಬುಡದಲ್ಲಿ ನೀರು ನಿಲ್ಲುವುದು. ನೆರಳಲ್ಲಿ ಗೊಬ್ಬರ ಜಾಸ್ತಿ ಸಿಕ್ಕಿದರೆ ಎಲೆ ಬಿಡುತ್ತದೆ, ಹೂವನ್ನು ಮರೆಯುತ್ತದೆ.

ಅಕ್ಕನ ಗಿಡವನ್ನು ಕಿತ್ತು ಬೇರೆ ಕಡೆ ನೆಡುವ ಸಾಹಸ ಮಾಡಲಿಲ್ಲ. ಹಲಸಿನ ಎರಡು ಕೊಂಬೆ ಕಡಿಸಿದೆವು, ಯೂರಿಯಾ ನಿಲ್ಲಿಸಿದರು. ಈ ಮಾರ್ಚ್‌ನಲ್ಲಿ ಬಿಸಿಲು ಬೀಳುವ ಬದಿಯ ಕೊಂಬೆಗಳ ತುದಿಯಲ್ಲಿ ಮಲ್ಲಿಗೆಯಂಥ ಬಿಳಿ ಹೂವು, ನೆರಳಿನ ಬದಿ ಇನ್ನೂ ಬರೀ ಎಲೆ.

ಮಳೆ ಕಡಿಮೆ ಬೀಳುವ ಕುಶಾಲನಗರದ ಕಡೆಯವರಿಗೆ ಈ ಗಿಡ ಸಲೀಸು, ಜೂನ್ ಮಳೆ ಶುರುವಾಗುವಾಗ ನೆಟ್ಟರೆ ಸಾಕು. ಭಾಗಮಂಡಲ, ಮಡಿಕೇರಿ ಕಡೆಯವರು ಮಾತ್ರ ಆತುರ ಪಡಬೇಡಿ. ಜುಲೈ ಮಳೆಗೆ ಎಳೆ ಬೇರು ಕೊಳೆಯುತ್ತದೆ. ಮಳೆಯ ಜೋರು ಇಳಿದ ಮೇಲೆ ಸೆಪ್ಟೆಂಬರ್‌ನಲ್ಲಿ, ಇಳಿಜಾರಿನಲ್ಲೋ ಅಥವಾ ಒಂದಡಿ ಏರಿಸಿದ ದಿಬ್ಬದ ಮೇಲೋ ನೆಡಿ. ಒಂಟಿ ಗಿಡಕ್ಕೆ ಸುತ್ತ ಎಂಟು ಅಡಿ ಜಾಗ ಬೇಕು. ಬೇಲಿಗಾದರೆ ಎರಡರಿಂದ ಮೂರು ಅಡಿಗೊಂದು. ಇದರ ಜೋಡಿ ಮುಳ್ಳು ದಾಟಿ ದನ ಒಳಗೆ ಬರುವುದಿಲ್ಲ. ಅದೇ ಕಾರಣಕ್ಕೆ ಮಕ್ಕಳು ಓಡಾಡುವ ದಾರಿಯ ಪಕ್ಕ ಬೇಡವೇ ಬೇಡ.

ಬೀಜದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಜಾಸ್ತಿ ಜನ ಸೋಲುವುದು ಇಲ್ಲೇ. ಒಣಗಿಸಿ ಡಬ್ಬದಲ್ಲಿಟ್ಟು ಮುಂದಿನ ವರ್ಷ ಬಿತ್ತೋಣ ಅಂದರೆ ಮೊಳಕೆ ಬರುವುದಿಲ್ಲ, ಕರಂಡೆ ಬೀಜದ ಜೀವ ಬೇಗ ಹೋಗುತ್ತದೆ. ಚೆನ್ನಾಗಿ ಕಪ್ಪಾದ ಹಣ್ಣು ಹಿಸುಕಿ, ಅಂಟು ಹೋಗುವವರೆಗೆ ಬೂದಿ ಹಾಕಿ ತಿಕ್ಕಿ ತೊಳೆದು, ಒಂದೆರಡು ದಿನ ನೆರಳಲ್ಲಿ ಆರಿಸಿ ತಕ್ಷಣ ಬಿತ್ತಿ. ಅರ್ಧ ಮರಳು, ಅರ್ಧ ಮಣ್ಣು, ಮೇಲೆ ಸೂರು. ಸಸಿ ಮೊದಲ ವರ್ಷ ತುಂಬಾ ನಿಧಾನ, ಗೇಣುದ್ದ ಆದರೆ ಅದೇ ದೊಡ್ಡದು, ಬೇಸರ ಮಾಡಿಕೊಳ್ಳಬೇಡಿ. ಹಣ್ಣಿಗೆ ಸುಮಾರು ಮೂರು ವರ್ಷ ಕಾಯಬೇಕು. ಬೀಜದ ಗಿಡಗಳಲ್ಲಿ ಒಂದು ಹುಳಿ, ಒಂದು ಸಿಹಿ ಆಗುವುದುಂಟು. ನಿಮಗೆ ರುಚಿ ಹಿಡಿಸಿದ ಗಿಡವೇ ಬೇಕು ಅಂದರೆ ಮಳೆಗಾಲದಲ್ಲಿ ಅದರ ಕೊಂಬೆಗೆ ಗೂಟಿ ಕಟ್ಟಿ, ಅಂದರೆ ಕೊಂಬೆಯ ಸುತ್ತ ತೊಗಟೆ ತೆಗೆದು, ಅಲ್ಲಿ ಒದ್ದೆ ಪಾಚಿ ಕಟ್ಟಿ, ಗಿಡದಲ್ಲಿರುವಾಗಲೇ ಬೇರು ಬರಿಸಿ.

ಕತ್ತರಿ ಹಾಕುವುದಾದರೆ ಹಣ್ಣು ಮುಗಿದ ಮೇಲೆ, ಒಣ ದಿನ ನೋಡಿ. ಹೂವು ಬರುವುದು ಕೊಂಬೆಯ ತುದಿಯಲ್ಲಿ ಅಲ್ವಾ, ಜನವರಿಯಲ್ಲಿ ಬೇಲಿ ಚೆಂದ ಕಾಣಲಿ ಅಂತ ಸವರಿದರೆ ಆ ವರ್ಷದ ಹಣ್ಣನ್ನೇ ಸವರಿದ ಹಾಗೆ.

ಇನ್ನೊಂದು ಮಾತು. ಇದು ಕಣಗಿಲೆಯ ಕುಟುಂಬದ ಗಿಡ, ಮುರಿದಲ್ಲೆಲ್ಲ ಬಿಳಿ ಹಾಲು ಬರುತ್ತದೆ. ಕರಂಡೆ ಹಣ್ಣು ತಿನ್ನಬಹುದು, ಕಣಗಿಲೆ ವಿಷ. ಹಾಲು ಬರುವ ಗಿಡದ ಕಾಯಿಯನ್ನು ಗುರುತು ಸಿಗದೆ ಬಾಯಿಗೆ ಹಾಕಬಾರದು ಅಂತ ಮಕ್ಕಳಿಗೆ ಈಗಲೇ ಹೇಳಿಕೊಡಿ.

ನಮ್ಮಲ್ಲಿ ಹಣ್ಣು ಕಪ್ಪಾಗುವ ಹೊತ್ತಿಗೇ ಮಳೆ ಹಿಡಿಯುತ್ತದೆ, ಅರ್ಧ ಉದುರಿ ಕೊಳೆಯುತ್ತದೆ. ಅದಕ್ಕೆ ಮೇ ತಿಂಗಳಲ್ಲೇ ಒಂದಷ್ಟು ಎಳೆ ಕಾಯಿ ಕೊಯ್ದುಬಿಡಿ. ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡರೆ ಅಂಟು ಹಿಡಿಯುವುದಿಲ್ಲ. ತೊಟ್ಟು ತೆಗೆದ ಕಾಯಿಯನ್ನು ರಾತ್ರಿಯಿಡೀ ಉಪ್ಪುನೀರಲ್ಲಿ ಬಿಟ್ಟರೆ ಹಾಲು ಇಳಿಯುತ್ತದೆ, ಬೆಳಿಗ್ಗೆ ಆ ನೀರು ಚೆಲ್ಲಿ ಉಪ್ಪಿನಕಾಯಿ ಹಾಕಿ.