ಥೆರಪಿಗೆ ಡೇಟ್ ಸಿಕ್ಕಿದೆ, ಅಲ್ಲಿಯವರೆಗೆ?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರಿಗೆ ದೊಡ್ಡಾಸ್ಪತ್ರೆ ಎಂದರೆ ಮೊದಲು ಪ್ರಯಾಣ. ಜಿಲ್ಲೆಯ ಮೆಡಿಕಲ್ ಕಾಲೇಜು ಇರುವುದು ಕಾರವಾರದಲ್ಲಿ. ಶಿರಸಿಯಿಂದ ನೂರು ಕಿಲೋಮೀಟರಿಗೂ ಜಾಸ್ತಿ, ನಡುವೆ ಘಟ್ಟ. ಕೆಲವರು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗುತ್ತಾರೆ, ಹೊನ್ನಾವರ, ಭಟ್ಕಳದವರು ಮಣಿಪಾಲದ ಬಸ್ ಹತ್ತುತ್ತಾರೆ. ಮಾತ್ರೆ ಬರೆದುಕೊಡುವ ಮನೋವೈದ್ಯರು ಹೇಗೋ ಸಿಗುತ್ತಾರೆ. ವಾರವಾರ ಎದುರು ಕೂರಿಸಿಕೊಂಡು ಮಾತಿನ ಚಿಕಿತ್ಸೆ ಕೊಡುವವರು ಸಿಗುವುದು ಕಷ್ಟ. ಕೊನೆಗೂ ಒಬ್ಬರು ಸಿಕ್ಕಿ, "ಮುಂದಿನ ತಿಂಗಳ ಕೊನೆಗೆ ಬನ್ನಿ" ಎಂದರೆ ಮನಸ್ಸು ಹಗುರಾಗಬೇಕು. ಅರ್ಧ ದಿನ ಹಗುರಾಗುತ್ತದೆ ಕೂಡ. ಆಮೇಲೆ ಮತ್ತೆ ಅದೇ ಆತಂಕ, ಅದೇ ಎದೆಬಡಿತ, ಅದೇ ನಿದ್ದೆಗೇಡು.

ಈ ಅವಧಿಯಲ್ಲಿ ಬಹಳ ಜನ ಮಾಡುವುದು ಒಂದೇ: ಸುಮ್ನೆ ಕಾಯುವುದು. ಎಲ್ಲವನ್ನೂ ಥೆರಪಿ ಶುರುವಾದ ಮೇಲೆ ನೋಡಿಕೊಂಡರಾಯಿತು ಎನ್ನುವ ಲೆಕ್ಕ. ಇದರಿಂದ ನಷ್ಟವೇನೂ ಇಲ್ಲ ಅನಿಸುತ್ತದೆ, ಅಲ್ವಾ? ಆದರೆ ಹಾಗಿಲ್ಲದಿರಬಹುದು. ಖಿನ್ನತೆಗೆ ಮಾತಿನ ಚಿಕಿತ್ಸೆ ಕೊಟ್ಟು ನೋಡಿದ ಹಲವು ಪ್ರಯೋಗಗಳನ್ನು ಜಪಾನಿನ ತೊಶಿ ಫುರುಕಾವಾ ಮತ್ತು ಸಂಗಡಿಗರು 2014ರಲ್ಲಿ ಒಟ್ಟಿಗಿಟ್ಟು ಹೋಲಿಸಿದರು. "ನಿಮ್ಮ ಸರದಿ ಬರುತ್ತದೆ, ಕಾಯಿರಿ" ಎಂದು ಪಟ್ಟಿಯಲ್ಲಿಟ್ಟವರಿಗಿಂತ, ಚಿಕಿತ್ಸೆಯ ಆಸೆಯನ್ನೇ ತೋರಿಸದೆ ಬಿಟ್ಟವರ ಸ್ಥಿತಿ ಮೇಲಿತ್ತು! ಇದು ಆತಂಕದ ಮೇಲಿನ ಲೆಕ್ಕವಲ್ಲ, ಖಿನ್ನತೆಯದ್ದು. ಆದರೂ ಅದರ ಹಿಂದಿನ ಅನುಮಾನ ಇಲ್ಲಿಗೂ ಹೊಂದುತ್ತದೆ. ಸರದಿ ಬರುತ್ತದೆ ಎಂದು ಗೊತ್ತಾದವರು ತಾವಾಗಿ ಮಾಡಬಹುದಾದ ಸಣ್ಣಪುಟ್ಟದ್ದನ್ನೂ ಮುಂದಕ್ಕೆ ಹಾಕುತ್ತಾರೆ.

ಕಾಯುವುದು ಯಾಕಿಷ್ಟು ಸುಸ್ತು ಮಾಡುತ್ತದೆ ಎನ್ನುವುದಕ್ಕೆ ಲಂಡನ್ನಿನ ಒಂದು ಪ್ರಯೋಗ ನೋಡಿ. ಯೂನಿವರ್ಸಿಟಿ ಕಾಲೇಜಿನವರು 2016ರಲ್ಲಿ ಪ್ರಕಟಿಸಿದ್ದು. 45 ಜನರಿಗೆ ಕಂಪ್ಯೂಟರಿನಲ್ಲಿ ಕಲ್ಲುಗಳನ್ನು ತೋರಿಸಿ, ಕೆಳಗೆ ಹಾವಿದೆಯೋ ಇಲ್ಲವೋ ಎಂದು ಊಹಿಸಲು ಹೇಳಿದರು. ಹಾವು ಬಂದರೆ ಕೈಗೊಂದು ನಿಜವಾದ ಕರೆಂಟ್ ಶಾಕ್. ಬೆವರು, ಕಣ್ಣಿನ ಪಾಪೆ ಎಲ್ಲ ಅಳೆದರು. ಖಂಡಿತ ಶಾಕ್ ಬೀಳುತ್ತದೆ ಎಂದು ಗೊತ್ತಿದ್ದಾಗ ಅವರಿಗೆ ಅಷ್ಟು ಒತ್ತಡವಾಗಲಿಲ್ಲ. ಬೀಳಲೂಬಹುದು, ಬೀಳದಿರಲೂಬಹುದು ಎಂದು ಅರ್ಧಕ್ಕರ್ಧ ಇದ್ದಾಗಲೇ ಒತ್ತಡ ಎಲ್ಲಕ್ಕಿಂತ ಜಾಸ್ತಿ. ಥೆರಪಿಸ್ಟ್ ಹೇಗಿರುತ್ತಾರೋ, ಏನು ಕೇಳುತ್ತಾರೋ, ನನಗೆ ಗುಣವಾಗುತ್ತದೋ ಇಲ್ಲವೋ ಎನ್ನುವ ತಿಂಗಳು ಪೂರ್ತಿ ಆ ಅರ್ಧಕ್ಕರ್ಧದ ಕಲ್ಲೇ.

ಮೊದಲ ಕೆಲಸ ಬಾಯಿಯಿಂದ ಶುರುವಾಗಲಿ. ಅಡಿಕೆ ಬೆಳೆಯುವ ಊರಲ್ಲಿ ಕೂತು ಇದನ್ನು ಬರೆದರೆ ಬೈಗುಳ ಗ್ಯಾರಂಟಿ, ಇರಲಿ. ಅಡಿಕೆಯಲ್ಲಿ ಅರೆಕೋಲಿನ್ ಎಂಬ ಅಂಶವಿದೆ. ಕವಳ, ಅಂದರೆ ಎಲೆಅಡಿಕೆ, ಹಾಕಿದ ಕೆಲವೇ ನಿಮಿಷಗಳಲ್ಲಿ ಎದೆಬಡಿತ ಏರುತ್ತದೆ, ಮೈ ಬಿಸಿಯಾಗಿ ಬೆವರು ಬರುತ್ತದೆ. ದಿನಾ ಹಾಕುವವರಿಗೆ ಇದು ಕಮ್ಮಿ, ಅಪರೂಪಕ್ಕೆ ಹಾಕುವವರಿಗೆ ಜಾಸ್ತಿ. ಜೊತೆಗೆ ತಂಬಾಕು ಇದ್ದರೆ ನಿಕೋಟಿನ್ ಕೂಡ ಅದನ್ನೇ ಮಾಡುತ್ತದೆ. ಮೇಲಿಂದ ಚಾ. ಸಂಜೆ ಐದಕ್ಕೆ ಕುಡಿದ ಚಾದ ಕೆಫೀನ್ ರಾತ್ರಿ ಹತ್ತಕ್ಕೂ ಸುಮಾರು ಅರ್ಧದಷ್ಟು ಮೈಯಲ್ಲಿರುತ್ತದೆ. ಆರಾಮಿರುವವರಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ಆತಂಕದಲ್ಲಿರುವವರ ಮನಸ್ಸು ಮಾತ್ರ ತನ್ನ ಎದೆಬಡಿತವನ್ನೇ ಕಾವಲು ಕಾಯುತ್ತಿರುತ್ತದೆ. ಬಡಿತ ಏರಿತು, "ಅಯ್ಯೋ, ಏನೋ ಆಗ್ತಾ ಇದೆ" ಅನಿಸಿತು, ಆ ಹೆದರಿಕೆಗೆ ಅಡ್ರಿನಲಿನ್ ಸುರಿದು ಬಡಿತ ಇನ್ನೂ ಏರಿತು. ಪ್ಯಾನಿಕ್, ಅಂದರೆ ಒಮ್ಮೆಲೇ ಏರುವ ವಿಪರೀತ ಗಾಬರಿ, ಹುಟ್ಟುವುದು ಈ ಸುತ್ತಿನಲ್ಲೇ ಎಂದು ಬ್ರಿಟನ್ನಿನ ಮನೋವಿಜ್ಞಾನಿ ಡೇವಿಡ್ ಕ್ಲಾರ್ಕ್ 1986ರಲ್ಲಿ ವಿವರಿಸಿದರು. ಚಾ ಒಮ್ಮೆಲೇ ಬಿಟ್ಟರೆ ತಲೆನೋವು ಬರುತ್ತದೆ, ಮೆಲ್ಲಗೆ ಇಳಿಸಿ. ರಾತ್ರಿಯ ಎರಡು ಪೆಗ್ಗಿನ ಮಾತಂತೂ ಬೇಡ. ಅಮಲು ಇಳಿಯುವ ಹೊತ್ತಿಗೆ ಆತಂಕ ಬಡ್ಡಿ ಸಮೇತ ವಾಪಸ್. ಪಕ್ಕದ ಮನೆಯವರ ನಿದ್ದೆ ಗುಳಿಗೆಯೂ ಬೇಡ.

ಉಸಿರಾಟದ ಬಗ್ಗೆ ಎಲ್ಲರೂ ಹೇಳುತ್ತಾರೆ, ಯಾಕೆ ಅಂತ ಹೇಳುವವರು ಕಮ್ಮಿ. ಉಸಿರು ಎಳೆದಾಗ ಎದೆಬಡಿತ ಸ್ವಲ್ಪ ಏರುತ್ತದೆ, ಬಿಟ್ಟಾಗ ಇಳಿಯುತ್ತದೆ. ಹೃದಯಕ್ಕೆ ಬ್ರೇಕ್ ಹಾಕುವ ವೇಗಸ್ ನರ ಉಸಿರು ಬಿಡುವಾಗ ಚುರುಕಾಗುವುದೇ ಕಾರಣ. ಹಾಗಾಗಿ ಎಳೆಯುವುದಕ್ಕಿಂತ ಬಿಡುವುದು ಉದ್ದವಾಗಬೇಕು. ಮೂಗಿನಿಂದ ಒಂದು ಉಸಿರು, ಅದರ ಮೇಲೇ ಇನ್ನೊಂದು ಚಿಕ್ಕ ಉಸಿರು, ಆಮೇಲೆ ಬಾಯಿಂದ ಮೆಲ್ಲಗೆ ಪೂರ್ತಿ ಬಿಡುವುದು. ಇದನ್ನು ದಿನಕ್ಕೆ 5 ನಿಮಿಷ, ಒಂದು ತಿಂಗಳು ಮಾಡಿಸಿ ಸ್ಟ್ಯಾನ್‌ಫರ್ಡ್‌ನವರು 2023ರಲ್ಲಿ ವರದಿ ಮಾಡಿದರು. ಆತಂಕ ಇಳಿಸುವುದರಲ್ಲಿ ಧ್ಯಾನವೂ ಇದಕ್ಕೆ ಸಮ ಬಂತು, ಮನಸ್ಸು ಗೆಲುವಾಗಿಸುವುದರಲ್ಲಿ ಈ ನಿಟ್ಟುಸಿರು ಮುಂದಿತ್ತು.

ಚಿಂತೆಗೊಂದು ಹೊತ್ತು ಗೊತ್ತು ಮಾಡುವುದು ಇನ್ನೊಂದು ಉಪಾಯ. ಅಮೆರಿಕದ ಥಾಮಸ್ ಬೊರ್ಕೊವೆಕ್ ಮತ್ತು ಜೊತೆಗಾರರು 1983ರಲ್ಲೇ ಇದನ್ನು ಪರೀಕ್ಷಿಸಿದ್ದರು. ದಿನಕ್ಕೆ ಅರ್ಧ ಗಂಟೆ, ಅದೇ ಜಾಗ, ಅದೇ ಸಮಯ. ಹಾಸಿಗೆಯಲ್ಲಂತೂ ಅಲ್ಲ. ಉಳಿದ ಹೊತ್ತಲ್ಲಿ ಚಿಂತೆ ಬಂದರೆ ಚೀಟಿಯಲ್ಲಿ ಬರೆದು ಆ ಅರ್ಧ ಗಂಟೆಗೆ ಎತ್ತಿಡುವುದು. ನಮ್ಮಲ್ಲಿ ಮಳೆಗಾಲದ ಚಿಂತೆಯಲ್ಲಿ ನಿಜವೂ ಇದೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದ ಮೇಲೆ, ಮನೆಯವರು ಘಟ್ಟ ಇಳಿಯುವಾಗ ಹೊಟ್ಟೆಯಲ್ಲಿ ಕಸಿವಿಸಿಯಾದರೆ ಅದನ್ನು ಕಾಯಿಲೆ ಅನ್ನಲಾಗದು. ಆದ್ದರಿಂದ ಚೀಟಿ ಬಿಡಿಸುವಾಗ ಎರಡು ಪಾಲು ಮಾಡಿ. ರಸ್ತೆ ಬಂದ್ ಇದೆಯಾ, ರೆಡ್ ಅಲರ್ಟ್ ಇದೆಯಾ ಎಂಬುದಕ್ಕೆ ಒಂದು ಫೋನ್ ಸಾಕು. "ಒಂದು ವೇಳೆ ಹಾಗಾದರೆ" ಎಂದು ಶುರುವಾಗುವುದಕ್ಕೆ ಯಾವ ಫೋನೂ ಸಾಲದು, ಅದು ಚೀಟಿಯಲ್ಲೇ ಇರಲಿ.

ತಪ್ಪಿಸಿಕೊಳ್ಳುವ ಅಭ್ಯಾಸದ ವಿಷಯ ಮಾತ್ರ ತುರ್ತಿನದು, ಯಾಕೆಂದರೆ ತಿಂಗಳೊಳಗೆ ಅದು ಬೇರು ಬಿಡುತ್ತದೆ. ಶಿರಸಿಯಿಂದ ಹೊರಟ ಕುಮಟಾ ಬಸ್ಸಿನಲ್ಲಿ ಒಮ್ಮೆ ಗಾಬರಿಯಾಯಿತು ಎಂದಿಟ್ಟುಕೊಳ್ಳಿ. ಮರುವಾರ ಬಸ್ ಬಿಟ್ಟರೆ ಮನಸ್ಸಿಗೆ ತಕ್ಷಣ ನಿರಾಳ. ಆ ನಿರಾಳವೇ "ಬಸ್ ಹತ್ತದಿದ್ದಕ್ಕೆ ಬಚಾವಾದೆ" ಎಂಬ ಪಾಠ ಕಲಿಸುತ್ತದೆ. ಆಮೇಲೆ ಬಸ್‌ಸ್ಟ್ಯಾಂಡೂ ಬೇಡ, ಪೇಟೆಯೂ ಬೇಡ. ಒಮ್ಮೆಲೇ ದೇವಿಮನೆ ಘಟ್ಟ ಇಳಿಯಬೇಕೆಂದಿಲ್ಲ. ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ಕೂತು ಬನ್ನಿ. ಇನ್ನೊಂದು ದಿನ ಅದೇ ದಾರಿಯ ಅಮ್ಮಿನಳ್ಳಿವರೆಗೆ, ಅದು ಸಲೀಸಾದ ಮೇಲೆ ರಾಗಿಹೊಸಳ್ಳಿವರೆಗೆ. ಹಳೆಯ ಆಘಾತದಿಂದ ಬಂದ ಭಯವಾದರೆ ಈ ಸಾಹಸ ಬೇಡ, ಅದು ಥೆರಪಿಸ್ಟ್ ಎದುರಿಗೇ ಆಗಲಿ.

ಕಾಯಲೇಬಾರದ ಸಂದರ್ಭಗಳೂ ಇವೆ. ಸಾಯುವ ಯೋಚನೆ ಬರುತ್ತಿದ್ದರೆ, ಊಟ ನಿದ್ದೆ ಪೂರ್ತಿ ಬಿಟ್ಟುಹೋಗಿದ್ದರೆ ಡೇಟ್ ನೋಡುತ್ತ ಕೂರಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ತೆರೆದಿರುತ್ತದೆ. 2022ರ ಅಕ್ಟೋಬರ್ 10ರಂದು ಶುರುವಾದದ್ದು, ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಎಂಬ ಸರ್ಕಾರಿ ವ್ಯವಸ್ಥೆ ಇದೆ, ನಿಮ್ಮಲ್ಲಿ ಯಾವಾಗ ನಡೆಯುತ್ತದೆ ಎಂದು ಕೇಳಿ ನೋಡಿ. ಹೋದಾಗ ಥೈರಾಯ್ಡ್ ಮತ್ತು ರಕ್ತಹೀನತೆಯ ಪರೀಕ್ಷೆಯ ಬಗ್ಗೆಯೂ ಕೇಳಿ. ಥೈರಾಯ್ಡ್ ಜಾಸ್ತಿಯಾದರೂ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ. ಮೊದಲ ಸಲ ಎದೆನೋವು ಬಂದರಂತೂ ಆತಂಕ ಎಂದು ನೀವೇ ತೀರ್ಮಾನಿಸದೆ ಇಸಿಜಿ ಮಾಡಿಸಿ.

ಇನ್ನೊಂದು ಕೆಲಸಕ್ಕೆ ಹಳೆಯ ನೋಟ್‌ಬುಕ್ ಸಾಕು. ಗಾಬರಿಯಾದಾಗಲೆಲ್ಲ ಒಂದೇ ಸಾಲು: ಯಾವಾಗ, ಎಲ್ಲಿ, ಏನನಿಸಿತು, ಏನು ಮಾಡಿದೆ, ಎಷ್ಟು ಹೊತ್ತಿಗೆ ಇಳಿಯಿತು. ಉದಾಹರಣೆಗೆ, "ಗುರುವಾರ, ಸೊಸೈಟಿಯ ಕ್ಯೂ, ಎದೆ ಹೊಡೆದುಕೊಂಡಿತು, ತಲೆ ತಿರುಗಿ ಬೀಳ್ತೇನೆ ಅನಿಸಿತು, ಸಾಮಾನು ಬಿಟ್ಟು ಹೊರಗೆ ಬಂದೆ, ಇಪ್ಪತ್ತು ನಿಮಿಷಕ್ಕೆ ಸರಿಯಾಯಿತು." ಇಂಥ ಹತ್ತಾರು ಸಾಲುಗಳಿದ್ದರೆ ಮೊದಲ ಭೇಟಿ "ಯಾವಾಗಿಂದ, ಹೇಗೆ" ಎಂದು ನೆನಪು ಮಾಡಿಕೊಳ್ಳುವುದರಲ್ಲೇ ಮುಗಿಯುವುದಿಲ್ಲ. ಥೆರಪಿಸ್ಟ್ ಪುಟ ತಿರುಗಿಸಿ, ಈ ಗುರುವಾರದ ಸಾಲಿನ ಮೇಲೆ ಬೆರಳಿಟ್ಟು ನೇರವಾಗಿ ಕೇಳಬಹುದು: "ಹೊರಗೆ ಬರದೆ ಅಲ್ಲೇ ನಿಂತಿದ್ದರೆ ಏನಾಗ್ತಿತ್ತು ಅಂತೀರಿ?"