ಪರೀಕ್ಷೆ ಮುಗಿದ ಮೇಲೆ ಹೊತ್ತ ಹರಕೆ

ನಾಳೆ ಎಸ್ಸೆಸ್ಸೆಲ್ಸಿ ರಿಸಲ್ಟ್ ಅನ್ನುವಾಗ ಸಿಗಂದೂರು ಚೌಡೇಶ್ವರಿಗೆ ಹರಕೆ ಹೊರುವ ತಾಯಂದಿರು ಸಾಗರದ ಕಡೆ ಇದ್ದಾರೆ. ಪೇಪರ್ ತಿದ್ದಿ ಆಗಿದೆ, ಅಂಕ ಕಂಪ್ಯೂಟರ್ ಸೇರಿದೆ. ಆದರೂ "ಮಗಳು ಪಾಸಾಗಿರಲಿ ತಾಯಿ" ಎಂದು ಬೇಡುತ್ತಾರೆ. ಆಗಿಹೋದದ್ದನ್ನು ಇವತ್ತಿನ ಹರಕೆ ಮುಟ್ಟೀತೇ? ಅಂದರೆ, ಫಲ ಮೊದಲು ಬಂದು ಕಾರಣ ಆಮೇಲೆ ಬರಬಹುದೇ?

ನಮ್ಮ ಹಳೆಯ ತರ್ಕಶಾಸ್ತ್ರವಾದ ನ್ಯಾಯ ದರ್ಶನದವರಿಗೆ ಇದರಲ್ಲಿ ಅನುಮಾನವೇ ಇರಲಿಲ್ಲ. ಕಾರ್ಯಕ್ಕೆ, ಅಂದರೆ ಫಲಕ್ಕೆ, ಮುಂಚೆ ತಪ್ಪದೆ ಇರಬೇಕಾದದ್ದೇ ಕಾರಣ ಎಂದರು. 18ನೇ ಶತಮಾನದಲ್ಲಿ ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ ಕೂಡ ಕಾರಣವೇ ಮೊದಲು ಎಂದ. ಆದರೆ ಅವನಿಗಿಂತ ಎಷ್ಟೋ ಶತಮಾನ ಮೊದಲೇ ಬೌದ್ಧ ಪಂಡಿತ ಪ್ರಜ್ಞಾಕರಗುಪ್ತ ಬೇರೆ ಮಾತಾಡಿದ್ದ. ಸಾವಿಗೆ ಮುಂಚೆ ಕಾಣುವ ಅಪಶಕುನಕ್ಕೆ ಮುಂದೆ ಬರಲಿರುವ ಸಾವೇ ಕಾರಣ ಎಂದ. ನಾನಿದನ್ನು ಒಪ್ಪಲಾರೆ. ಶಕುನಕ್ಕೂ ಸಾವಿಗೂ ಮೊದಲೇ ಇದ್ದ ಒಂದು ಕಾಯಿಲೆ ಕಾರಣವಾಗಿರಬಹುದು, ಅಲ್ವಾ? ಆದರೂ ಇಂಥ ಧೈರ್ಯದ ಯೋಚನೆ ನಮ್ಮ ನೆಲದ್ದು ಅನ್ನೋದನ್ನು ಮರೆಯಬಾರದು.

ಇಂಗ್ಲೆಂಡಿನ ತತ್ವಜ್ಞಾನಿ ಮೈಕೆಲ್ ಡಮೆಟ್ 1954ರಲ್ಲಿ ಈ ಪ್ರಶ್ನೆಯನ್ನು ಮತ್ತೆ ಎತ್ತಿದರು. ಎರಡು ವರ್ಷದಲ್ಲಿ ಇನ್ನೊಬ್ಬ ತತ್ವಜ್ಞಾನಿ ಮ್ಯಾಕ್ಸ್ ಬ್ಲ್ಯಾಕ್ ಗಟ್ಟಿ ತಕರಾರು ತೆಗೆದರು. ಅದನ್ನು ನಮ್ಮ ಹರಕೆಗೇ ಹಚ್ಚಿ ನೋಡಿ. ಮಗಳು ಪಾಸ್ ಎಂದು ಹೇಗೋ ಮೊದಲೇ ತಿಳಿಯಿತು. ತಾಯಿ ಹರಕೆ ಹೊರದೆ ಸುಮ್ನಿದ್ದುಬಿಟ್ಟರು. ಪಾಸಾದದ್ದಂತೂ ಅಳಿಸಿಹೋಗಲ್ಲ. ಹಾಗಾದರೆ ಹರಕೆ ಅದಕ್ಕೆ ಕಾರಣ ಹೇಗಾಗುತ್ತದೆ?

ಡಮೆಟ್ 1964ರಲ್ಲಿ ಇದಕ್ಕೆ ಉತ್ತರವಾಗಿ ಒಂದು ಕಥೆ ಕಟ್ಟಿದರು. ಒಂದು ಬುಡಕಟ್ಟಿನ ಹುಡುಗರು ಸಿಂಹದ ಬೇಟೆಗೆ ಹೋಗುತ್ತಾರೆ. ಹೋಗಲು 2 ದಿನ, ಬೇಟೆಗೆ 2 ದಿನ, ಬರಲು 2 ದಿನ. ಅವರು ಧೈರ್ಯ ತೋರಲಿ ಎಂದು ಊರಲ್ಲಿ ನಾಯಕ ಆರೂ ದಿನ ಕುಣಿಯುತ್ತಾನೆ. ಕೊನೆಯ ಎರಡು ದಿನ ಕುಣಿಯುವಾಗ ಬೇಟೆ ಮುಗಿದೇ ಹೋಗಿದೆ. ಅದು ದಡ್ಡತನ ಎಂದು ಸಾಧಿಸುವುದು ಸುಲಭವಲ್ಲ ಎಂದರು ಡಮೆಟ್. ಬೇಟೆಯಲ್ಲಿ ಏನಾಯಿತೆಂದು ನಾಯಕನಿಗೆ ತಿಳಿಯುವ ದಾರಿ ಇದ್ದರೆ ಮಾತ್ರ ಬ್ಲ್ಯಾಕ್ ವಾದ ನಾಟುತ್ತದೆ. ನನಗೆ ಇಡೀ ಚರ್ಚೆಯ ಜೀವ ಇರುವುದು ಇಲ್ಲೇ. ಫಲ ಗೊತ್ತಿದ್ದರೆ ಯಾವ ತಾಯಿಯೂ ಹರಕೆ ಹೊರಲ್ಲ.

ಭೌತಶಾಸ್ತ್ರವೂ ಇದನ್ನು ಬಿಟ್ಟಿಲ್ಲ. 1945ರಲ್ಲಿ ವೀಲರ್ ಮತ್ತು ಫೈನ್‌ಮನ್ ಎಂಬ ಭೌತವಿಜ್ಞಾನಿಗಳು ಕಾಲದಲ್ಲಿ ಹಿಂದಕ್ಕೂ ಸಾಗುವ ಅಲೆಗಳನ್ನು ಲೆಕ್ಕಕ್ಕೆ ತಂದರು. 2007ರಲ್ಲಿ ಫ್ರಾನ್ಸಿನಲ್ಲಿ ವಿಜ್ಞಾನಿಗಳು, ಬೆಳಕಿನ ಒಂದೇ ಕಣ ಉಪಕರಣದೊಳಗೆ ಹೊಕ್ಕ ಮೇಲೆ ಅದನ್ನು ಹೇಗೆ ಅಳೆಯಬೇಕೆಂದು ತೀರ್ಮಾನಿಸಿದರು. ಕಣ ಆ ತೀರ್ಮಾನ ಮೊದಲೇ ಗೊತ್ತಿದ್ದ ಹಾಗೆ ನಡೆದುಕೊಂಡಿತು. ಇದಕ್ಕೆ ಹಿಮ್ಮುಖ ಕಾರಣ, ಅಂದರೆ ಫಲದ ಆಮೇಲೆ ಬರುವ ಕಾರಣ, ಬೇಕಿಲ್ಲ ಎಂಬುದು ಹೆಚ್ಚಿನ ವಿಜ್ಞಾನಿಗಳ ಮಾತು. ತತ್ವಜ್ಞಾನಿ ಹ್ಯೂ ಪ್ರೈಸ್‌ರಂಥ ಕೆಲವರು ಮಾತ್ರ, ಹಿಮ್ಮುಖ ಕಾರಣವನ್ನು ಒಪ್ಪಿದರೆ ಇಂಥ ಅತಿಸಣ್ಣ ಕಣಗಳ ಲೋಕದ, ಅಂದರೆ ಕ್ವಾಂಟಮ್, ಒಗಟು ಸಡಿಲವಾಗುತ್ತದೆ ಎಂದು ವಾದಿಸುತ್ತಲೇ ಇದ್ದಾರೆ.